ಕಂಟ್ರೋಲ್ ಪ್ಲೇಟಿಗೆ ಹೊಗೆ ಕುಡಿಸಿದವನು

ತಪ್ಪು ನನ್ನದೇ. ಇದನ್ನು ಕೊನೆಯವರೆಗೆ ಮುಚ್ಚಿಟ್ಟು ನಿಮ್ಮನ್ನು ಬೆಚ್ಚಿಬೀಳಿಸುವ ಆಸೆ ಇತ್ತು. ಆದರೆ ನಮ್ಮ ಲ್ಯಾಬಿನಲ್ಲಿ ಕಸ ಗುಡಿಸುವವರಿಗೂ ಗೊತ್ತಿರುವ ಸಂಗತಿ ಇದು, ಮುಚ್ಚಿಡುವ ಮಾತೆಲ್ಲಿ ಬಂತು. ವೇಪಿನ, ಅಂದರೆ ಇ-ಸಿಗರೇಟಿನ, ಹೊಗೆ ಮಿದುಳಿನ ಕೋಶಗಳಿಗೆ ಏನು ಮಾಡುತ್ತದೆ ಎಂದು ಪರೀಕ್ಷಿಸುವ ಪ್ರಯೋಗದಲ್ಲಿ, ಹೊಗೆಯ ಗಾಳಿಯೂ ತಾಗಬಾರದಿದ್ದ ಕೋಶಗಳಿಗೆ ಮೂರು ತಿಂಗಳು ಹೊಗೆ ಕುಡಿಸಿದವನು ನಾನು. ಬೇಕೆಂದೇ ಮಾಡಲಿಲ್ಲ. ಬೇಕೆಂದು ಮಾಡಿದ್ದರೆ ಇಷ್ಟು ಅಚ್ಚುಕಟ್ಟಾಗಿ ಕೆಡುತ್ತಿರಲಿಲ್ಲ, ನನ್ನ ಕೈಕೆಲಸ ಬಲ್ಲವರು ಇದನ್ನು ಒಪ್ಪುತ್ತಾರೆ.

ನಾನು ಕೊಪ್ಪಳದ ಒಂದು ವೈದ್ಯಕೀಯ ಕಾಲೇಜಿನ ಪ್ರಯೋಗಾಲಯದಲ್ಲಿ ಗುತ್ತಿಗೆ ಟೆಕ್ನಿಷಿಯನ್. ಊರು ಗಂಗಾವತಿ, ದಿನವೂ ಬಸ್ಸಿನಲ್ಲಿ ಬಂದುಹೋಗುತ್ತೇನೆ. ಕೋಶ ಬೆಳೆಸುವ ಕೋಣೆಯಲ್ಲಿ ಓಡಾಡುವವರು ನಾಲ್ಕೇ ಜನ. ಗೈಡ್ ಸರ್ ಕುಷ್ಟಗಿಯವರು. ಪ್ರತಿ ಮಾತಿಗೂ ಮುಂಚೆ ಗಂಟಲು ಸರಿಮಾಡಿಕೊಂಡು, "ನೋಡ್ರಿ" ಅಂದು, ನಾವು ನೋಡುತ್ತಾ ನಿಂತ ಮೇಲೆ ಯೋಚಿಸಲು ಶುರು ಮಾಡುವವರು. ಮೇಡಂ ಯಲಬುರ್ಗಾ ಕಡೆಯವರು, ಎಂ.ಡಿ. ಕೊನೆಯ ವರ್ಷ, ಈ ಪ್ರಯೋಗ ಅವರ ಥೀಸಿಸ್ಸು. ಅವರ ನಡಿಗೆ ಎಂದರೆ ಬಸ್ಸು ಹೊರಟಿದೆ, ಅವರಿನ್ನೂ ಹತ್ತಿಲ್ಲ ಎನ್ನುವಂಥದ್ದು. ಮೂರನೆಯವರು ಅಳವಂಡಿಯ ಕಾಕಾ, ನಿವೃತ್ತಿಗೆ ಹತ್ತಿರವಾದ ಹಿರಿಯ ಟೆಕ್ನಿಷಿಯನ್. ಫೋನಿನಲ್ಲಿ ಮಾತಾಡುವಾಗ ಅವರ ದನಿ ಫೋನಿಲ್ಲದೆಯೇ ಅಳವಂಡಿ ಮುಟ್ಟುತ್ತದೆ. ಈ ಮೂವರ ದನಿಯನ್ನೂ ನಾನು ಮಾಡುತ್ತೇನೆ. ನನ್ನ ದನಿಯನ್ನೂ ಮಾಡುತ್ತೇನೆ: ಅವ್ವನ ಫೋನು ಬಂದಾಗ ನಾನು ಎಷ್ಟು ಸಂಭಾವಿತನಾಗುತ್ತೇನೆ ಎಂಬ ಐಟಂಗೆ ಕ್ಯಾಂಟೀನಿನಲ್ಲಿ ಒಳ್ಳೆಯ ಬೇಡಿಕೆ ಇದೆ.

ಮೊದಲು ಕೋಶಗಳ ವಿಷಯ. ಅವನ್ನು ಯಾರ ಮಿದುಳಿನಿಂದಲೂ ಕಿತ್ತು ತಂದಿಲ್ಲ. ಎಷ್ಟೋ ವರ್ಷಗಳ ಹಿಂದೆ ಯಾವುದೋ ರೋಗಿಯ ಗಡ್ಡೆಯಿಂದ ತೆಗೆದು, ಲ್ಯಾಬಿನಿಂದ ಲ್ಯಾಬಿಗೆ ಹೆಪ್ಪಿನ ಹಾಗೆ ಹಂಚಿಕೊಂಡು ಬೆಳೆಸಿದ ತಳಿ. ನರಕೋಶಗಳಲ್ಲ, ನರಕೋಶಗಳಂತೆ ನಡೆದುಕೊಳ್ಳುತ್ತವೆ. ಒಟ್ಟಿನಲ್ಲಿ ಅವೂ ಮಿಮಿಕ್ರಿಯವೇ, ನಮ್ಮ ಜಾತಿಯವೇ. ಮೂವತ್ತೇಳು ಡಿಗ್ರಿ ಶಾಖ, ಲೆಕ್ಕ ಹಾಕಿ ಬಿಡುವ ಇಂಗಾಲದ ಡೈಆಕ್ಸೈಡ್, ತಟ್ಟೆಯಲ್ಲಿ ನೀರಿಟ್ಟು ಕಾಪಾಡುವ ತೇವ, ಎರಡು ದಿನಕ್ಕೊಮ್ಮೆ ಹೊಸ ಆಹಾರದ ದ್ರಾವಣ. ಮೊದಲ ಮಗುವಿನ ಬಾಣಂತನಕ್ಕೂ ಇಷ್ಟು ಉಪಚಾರ ಇರುವುದಿಲ್ಲ. ಆರೋಗ್ಯವಾಗಿದ್ದರೆ ಸಾಲು ಸಾಲು ಗುಳಿಗಳಿರುವ ಪ್ಲಾಸ್ಟಿಕ್ ಪ್ಲೇಟಿನ ತಳಕ್ಕೆ ಅಂಟಿ, ಅತ್ತಿತ್ತ ತೆಳ್ಳನೆಯ ಎಳೆಗಳನ್ನು ಚಾಚುತ್ತವೆ. ಕೆಟ್ಟರೆ ಎಳೆಗಳನ್ನು ಒಳಗೆಳೆದುಕೊಂಡು ದುಂಡಗಾಗಿ ತೇಲುತ್ತವೆ.

ಇನ್ನು ಹೊಗೆ. ನಮ್ಮ ದೇಶದಲ್ಲಿ ವೇಪ್ ಮಾರುವಂತಿಲ್ಲ. ಆದ್ದರಿಂದ ಪತ್ರ, ಅನುಮತಿ, ಮತ್ತೆ ಪತ್ರ ಎಲ್ಲ ಮುಗಿದು, ಎಲ್ಲೋ ವಶಪಡಿಸಿಕೊಂಡಿದ್ದ ಸಾಮಾನಿನಲ್ಲಿ ಹನ್ನೆರಡು ವೇಪುಗಳು ಸೀಲು ಹಾಕಿದ ಲಕೋಟೆಯಲ್ಲಿ ನಮಗೆ ಬಂದವು. ಪುದೀನ, ಕಲ್ಲಂಗಡಿ, ಮಾವು. ಯಂತ್ರದ ಬದಲು ದೊಡ್ಡ ಸಿರಿಂಜು, ಮೂರು ದಾರಿಯ ನಲ್ಲಿ, ಸಲೈನ್ ಕೊಳವೆ. ಸಿರಿಂಜಿನಿಂದ ವೇಪನ್ನು ಎಳೆದು, ಬಂದ ಹೊಗೆಯನ್ನು ಆಹಾರದ ದ್ರಾವಣದಲ್ಲಿ ಗುಳುಗುಳು ಎಂದು ಹಾಯಿಸುವುದು. ಹತ್ತು ಎಳೆತ, ಪ್ರತಿ ಎಳೆತದ ನಡುವೆ ಅರ್ಧ ನಿಮಿಷ. ಆ ದ್ರಾವಣವನ್ನು ಸೋಸಿ, ತಿಳಿ ಮಾಡಿ ಒಂದು ಸಾಲು ಕೋಶಗಳಿಗೆ ಕೊಡುವುದು. ಇನ್ನೊಂದು ಸಾಲಿಗೆ ಬರಿಯ ದ್ರಾವಣ. ಅದೇ ಕಂಟ್ರೋಲ್, ಹೋಲಿಸಿ ನೋಡಲು. ಮರುದಿನ ಎರಡಕ್ಕೂ ಒಂದು ಹಳದಿ ಬಣ್ಣ ಹಾಕುತ್ತೇವೆ. ಜೀವಂತ ಕೋಶ ಅದನ್ನು ನೇರಳೆ ಮಾಡುತ್ತದೆ, ಸತ್ತದ್ದು ಸುಮ್ಮನಿರುತ್ತದೆ. ನೇರಳೆ ಗಾಢವಾದಷ್ಟೂ ಜೀವ ಹೆಚ್ಚು.

ಜನ ಎಷ್ಟು ಹೊತ್ತು ಎಳೆಯುತ್ತಾರೆ ಎಂದು ಮೇಡಂ ಕೇಳಿದರು.

"ನಾಕು ಸೆಕೆಂಡ್ರಿ. ಮೊದಲ ಮೆತ್ತಗ, ಆಮ್ಯಾಲೆ ಸ್ವಲ್ಪ ಜೋರ."

"ನಿನಗ ಹೆಂಗ ಗೊತ್ತು?"

"ನಾ ಮಂದೀನ ನೋಡಾಂವ್ರಿ ಮೇಡಮ್ಮಾರ. ಅದ ನಮ್ಮ ಕಸಬು."

ನೋಡಿದ್ದು ಕನ್ನಡಿಯಲ್ಲಿ ಎಂದು ಹೇಳಲಿಲ್ಲ. ಗಂಗಾವತಿಯಲ್ಲಿ ಗೆಳೆಯನೊಬ್ಬನ ಕೈಯಿಂದ ಶುರುವಾದ ನನ್ನ ವೇಪಿನ ಚಟಕ್ಕೆ ಆಗಲೇ ವರ್ಷ ದಾಟಿತ್ತು. ಸಿಗರೇಟು ಸೇದುವವರನ್ನು ನಾನೇ ಗೇಲಿ ಮಾಡುತ್ತಿದ್ದೆ, ಇದು ಹಣ್ಣಿನ ಆವಿ ಅಷ್ಟೇ ಎಂದುಕೊಂಡಿದ್ದೆ.

ವೇಪಿನಲ್ಲಿ ಒಂದು ಚಿಕ್ಕ ಸೆನ್ಸರ್ ಇರುತ್ತದೆ. ಬಾಯಿಯ ಎಳೆತ ಗುರುತು ಹಿಡಿದರೆ ಮಾತ್ರ ಅದು ಹೊತ್ತಿಕೊಳ್ಳುವುದು. ಸಿರಿಂಜು ಮೊದಲ ಎರಡು ಸಲ ತಡವರಿಸುತ್ತಿತ್ತು. ಆಗ ನನ್ನ ತಲೆಗೆ ಹೊಳೆದ ಉಪಾಯ: ವಾರ್ಡಿನ ರೌಂಡ್ಸ್ ಮುಗಿಸಿ ಮೇಡಂ ಬರುವುದರೊಳಗೆ ಬಾಯಲ್ಲೇ ಎರಡು ಸಲ ಎಳೆದು ಅದನ್ನು ಎಬ್ಬಿಸಿ ಇಡುವುದು. ಎರಡು ನಾಲ್ಕಾಯಿತು, ನಾಲ್ಕು ಎಂಟಾಯಿತು. ಪ್ರಯೋಗದ ಕೆಲಸ ಎಂಬ ಹೆಸರಿತ್ತಲ್ಲ, ಮನಸ್ಸಿಗೆ ಹಾಯೆನಿಸುತ್ತಿತ್ತು. ಇದೆಲ್ಲ ನಡೆದದ್ದು ಹೊರಕೋಣೆಯಲ್ಲಿ. ಕೋಶಗಳನ್ನು ಬೆಚ್ಚಗಿಡುವ ಪೆಟ್ಟಿಗೆ, ಇನ್‌ಕ್ಯುಬೇಟರ್, ಒಳಕೋಣೆಯಲ್ಲಿ. ಎರಡಕ್ಕೂ ಸೇರಿ ಇದ್ದದ್ದು ಒಂದೇ ಎಸಿ. ಕೊಪ್ಪಳದ ಬಿಸಿಲು ಗೊತ್ತಿರುವವರಿಗೆ ನಾವು ನಡುವಿನ ಬಾಗಿಲನ್ನು ಯಾಕೆ ಯಾವಾಗಲೂ ತೆರೆದೇ ಇಡುತ್ತಿದ್ದೆವು ಎಂದು ಹೇಳಬೇಕಿಲ್ಲ. ಇನ್‌ಕ್ಯುಬೇಟರ್ ಉಸಿರಾಡುವುದು ಕೋಣೆಯ ಗಾಳಿಯನ್ನೇ.

ಕಾಕಾ ಬೆಳಿಗ್ಗೆ ಒಳಗೆ ಬಂದು ಮೂಗು ಅರಳಿಸುತ್ತಿದ್ದರು. "ಏನಲೇ, ಚಳಿಗಾಲದಾಗ ಮಾವಿನಹಣ್ಣಿನ ವಾಸನಿ?"

"ಪ್ರಯೋಗದ ವಾಸನಿ ಕಾಕಾ."

"ಇನ್ನ ಪ್ರಯೋಗ ಶುರುನ ಆಗಿಲ್ಲಲ್ಲೊ."

"ವಾಸನಿ ಮೊದಲ ಬರ್ತೈತ್ರಿ. ಪ್ರಯೋಗ ಆಮ್ಯಾಲೆ ಬರ್ತೈತಿ."

ಮೊದಲ ಪ್ಲೇಟು ಓದಿದ ದಿನ ಮೇಡಂ ಮುಖ ಸಪ್ಪಗಾಯಿತು. ಹೊಗೆ ಕುಡಿದ ಸಾಲು ತೆಳು ನೇರಳೆ, ಅದು ನಿರೀಕ್ಷೆಯಂತೆಯೇ. ಆದರೆ ಕಂಟ್ರೋಲ್ ಸಾಲು ಬದನೆಕಾಯಿ ಬಣ್ಣಕ್ಕೆ ತಿರುಗಬೇಕಿತ್ತು. ಅದು ಹತ್ತು ಸಲ ಒಗೆದ ಸೀರೆಯಂತಿತ್ತು. ಎರಡರ ನಡುವಿನ ವ್ಯತ್ಯಾಸ ಹಿಡಿಯಷ್ಟೂ ಇಲ್ಲ. ಎರಡನೆಯ ಸುತ್ತು ಅದೇ ಕಥೆ. ಥೀಸಿಸ್ ಒಪ್ಪಿಸುವ ದಿನ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಕಾಯುತ್ತಿತ್ತು. ಅದು ತಪ್ಪಿದರೆ ಅವರು ಪರೀಕ್ಷೆಗೆ ಕೂರುವಂತಿಲ್ಲ.

ಸಹಜವಾಗಿ ಮೊದಲ ಅನುಮಾನ ಬಂದದ್ದು ನನ್ನ ಬಾಯಿಯ ಮೇಲೆ. ಬಾಯಿ ಎಂದರೆ ಮಾತು. ತೆರೆದ ಪ್ಲೇಟಿನ ಮುಂದೆ ಕೂತು ನಾನು ಗೈಡ್ ಸರ್ ಥರ ಕೆಮ್ಮುತ್ತಿದ್ದೆ, ಕಾಕಾ ಥರ ಫೋನು ಮಾಡುತ್ತಿದ್ದೆ. ಗೈಡ್ ಸರ್ ಗಂಟಲು ಸರಿಮಾಡಿಕೊಂಡರು.

"ನೋಡ್ರಿ. ಇವನ ಉಗುಳಿನಿಂದ ಏನರೆ ಬೀಳಾಕತ್ತೈತಿ. ಒಂದು ವಾರ ಇವ ಒಳಗ ಮಾತಾಡಬಾರದು. ಮಾಸ್ಕ್ ಎರಡು ಹಾಕ್ರಿ."

ಆ ವಾರವನ್ನು ಹೇಗೆ ವರ್ಣಿಸಲಿ. ಕಾಕಾ ಬೇಕೆಂದೇ ಪಕ್ಕದಲ್ಲಿ ನಿಂತು ಒಂದೊಂದೇ ಹಾಸ್ಯಕ್ಕೆ ಎಡೆಮಾಡಿಕೊಡುವಂಥ ಮಾತು ಆಡುತ್ತಿದ್ದರು, ನಾನು ನುಂಗಿಕೊಳ್ಳುತ್ತಿದ್ದೆ. ಮಾತು ಬಿಟ್ಟ ಬಾಯಿಗೆ ಬೇರೇನಾದರೂ ಬೇಕಲ್ಲ. ಬೆಳಿಗ್ಗೆಯ ಎಂಟು ಎಳೆತ ಹದಿನೈದಾದವು. ವಾರದ ಕೊನೆಗೆ ಕಂಟ್ರೋಲ್ ಪ್ಲೇಟು ಇನ್ನಷ್ಟು ಬೆಳ್ಳಗಾಗಿತ್ತು.

ಗೈಡ್ ಸರ್ ಪ್ಲೇಟನ್ನು ಬೆಳಕಿಗೆ ಹಿಡಿದರು. "ಮಾತಾಡೂದು ಬಿಟ್ರ ಇನ್ನೂ ಕೆಟ್ಟಾವು. ಹಂಗಾರ ಇವನ ಹರಟಿಗೆ ಔಷಧಿ ಗುಣ ಐತೇನು?"

ಮಾತಾಡಲು ಅನುಮತಿ ಸಿಕ್ಕಿತು. ವಿಜ್ಞಾನದ ಆಧಾರದ ಮೇಲೆ ಬಾಯಿ ಬಿಡಲು ಅಪ್ಪಣೆ ಪಡೆದವನು ನಮ್ಮ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ನಂತರ ನೀರು ಬದಲಾಯಿಸಿದೆವು, ದ್ರಾವಣಕ್ಕೆ ಬೆರೆಸುವ ಸೀರಮ್ಮಿನ ಹೊಸ ಬಾಟಲಿ ಒಡೆದೆವು, ಗ್ಯಾಸಿನ ಸಿಲಿಂಡರ್ ಬದಲಿಸಿದೆವು. ಏನೂ ಫಲವಿಲ್ಲ. ಆಗ ಕಾಕಾ ಕಿಟಕಿಯ ಅಂಚನ್ನು ಬಿಳಿ ಬಟ್ಟೆಯಿಂದ ಒರೆಸಿ ತಂದು ತೋರಿಸಿದರು. ಬಟ್ಟೆ ಕಪ್ಪಾಗಿತ್ತು.

"ಗಿಣಿಗೇರಾದ ಕಾರ್ಖಾನಿ ಧೂಳ್ರಿ ಇದು. ಗಾಳಿ ಈ ಕಡಿ ಬೀಸಿದ್ರ ನಮ್ಮ ಬೀಗರ ಮನ್ಯಾಗ ರೊಟ್ಟಿನೂ ಕರ್ರಗ ಆಗ್ತಾವು. ಈ ಕೋಶ ಯಾವ ಲೆಕ್ಕ?"

ಎಲ್ಲರಿಗೂ ಇದು ಒಪ್ಪಿಗೆಯಾಯಿತು. ನನಗಂತೂ ಬಹಳ. ನಾವು ಕಿಟಕಿಯ ಸಂದಿಗೆಲ್ಲ ಟೇಪು ಬಡಿದೆವು. ಕೋಣೆ ಇನ್ನಷ್ಟು ಭದ್ರವಾಗಿ ಮುಚ್ಚಿಕೊಂಡಿತು. ಒಳಗಿನ ಮಾವಿನಹಣ್ಣಿಗೆ ಹೊರಗೆ ಹೋಗುವ ದಾರಿಯೂ ಇಲ್ಲವಾಯಿತು. ಮೂರನೆಯ ಸುತ್ತಿನ ಕಂಟ್ರೋಲ್ ಎಲ್ಲಕ್ಕಿಂತ ಕಡೆಯಾಗಿ ಬಂತು.

ಅಷ್ಟರಲ್ಲಿ ಹುಣ್ಣಿಮೆ ಬಂತು. ಅವ್ವನನ್ನು ಹುಲಿಗೆಮ್ಮನ ದರ್ಶನಕ್ಕೆ ಹುಲಿಗಿಗೆ ಕರೆದುಕೊಂಡು ಹೋಗಬೇಕಿತ್ತು. ಎರಡು ದಿನ ರಜೆ ಹಾಕಿದೆ. ಹೊಳೆಯಲ್ಲಿ ಸ್ನಾನ, ಉದ್ದನೆಯ ಸಾಲು, ಅವ್ವನ ಜೊತೆಯಲ್ಲೇ ಇದ್ದುದರಿಂದ ವೇಪಿಗೆ ಅವಕಾಶವಿಲ್ಲ. ಎರಡನೆಯ ದಿನ ತಲೆ ಸಿಡಿಯುತ್ತಿತ್ತು, ಹೂವಿನ ಅಂಗಡಿಯವನೊಂದಿಗೆ ಸುಮ್ಮಸುಮ್ಮನೆ ಜಗಳ ತೆಗೆದೆ. "ಬಿಸಲಿಗೆ ಹಂಗಾಗೈತಿ" ಎಂದು ಅವ್ವ ನನ್ನ ತಲೆಗೆ ಸೆರಗು ಹೊದಿಸಿದಳು.

ಲ್ಯಾಬಿಗೆ ಮರಳಿದರೆ ಹಬ್ಬ. ನಾನಿಲ್ಲದಾಗ ಮೇಡಂ ಒಬ್ಬರೇ ಒಂದು ಕಂಟ್ರೋಲ್ ಪ್ಲೇಟು ಹಾಕಿದ್ದರು. ಅಚ್ಚ ಬದನೆಕಾಯಿ ಬಣ್ಣ. ಸೂಕ್ಷ್ಮದರ್ಶಕದಲ್ಲಿ ಕೋಶಗಳು ಎಳೆ ಚಾಚಿ ಒಂದರ ಹೆಗಲ ಮೇಲೊಂದು ಕೈಹಾಕಿ ನಿಂತಿದ್ದವು. ನಾನು ತಂದ ಪ್ರಸಾದವನ್ನು ಕಾಕಾ ಕಣ್ಣಿಗೊತ್ತಿಕೊಂಡರು.

"ಹುಲಿಗೆಮ್ಮ ಕಣ್ಣು ತಗದಾಳ್ರಿ ಮೇಡಮ್ಮಾರ."

ಮುಂದಿನ ವಾರ ನಾನು ಯಥಾಪ್ರಕಾರ ವೇಪನ್ನು ಎಬ್ಬಿಸಿದೆ, ಪ್ಲೇಟು ಯಥಾಪ್ರಕಾರ ಬೆಳ್ಳಗಾಯಿತು. ಕಾಕಾ ಬಹಳ ಗಂಭೀರವಾಗಿ ಹೇಳಿದರು: "ತಮ್ಮಾ, ನೀ ಮತ್ತೊಮ್ಮಿ ಹುಲಿಗಿಗೆ ಹೋಗಿ ಬಾ. ನೀ ಹೋದಾಗ ಛಲೋ ಆಗ್ತಾವು."

ಮೇಡಂ ನಕ್ಕರು. ನಾನೂ ನಗಲು ಬಾಯಿ ತೆರೆದೆ. ನಗು ಬರಲಿಲ್ಲ. ಕಾಕಾ ದೇವಿಯನ್ನು ಹೊಗಳುತ್ತಿದ್ದರು, ಆದರೆ ಆ ಮಾತಿನಲ್ಲಿ ಇದ್ದದ್ದು ನನ್ನ ವಿಳಾಸ. ನಾನು ಇಲ್ಲದಾಗ ಕೋಶ ಚೆನ್ನಾಗಿರುತ್ತದೆ. ಆ ಎರಡು ದಿನ ಲ್ಯಾಬಿನಲ್ಲಿ ಇಲ್ಲದೇ ಇದ್ದದ್ದು ಯಾವುದು ಎಂದು ಲೆಕ್ಕ ಹಾಕಲು ಎಂ.ಡಿ. ಬೇಕಿಲ್ಲ.

ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಕಳ್ಳನ ಜಾಣತನ ಮಾಡಿದೆ: ಮರುದಿನದಿಂದ ಬಾಯಿ ಹಚ್ಚುವುದನ್ನು ನಿಲ್ಲಿಸಿದೆ, ಸೆನ್ಸರನ್ನು ಎಬ್ಬಿಸಲು ಸಿರಿಂಜನ್ನೇ ನಿಧಾನಕ್ಕೆ ಪಳಗಿಸಿದೆ, ಇನ್‌ಕ್ಯುಬೇಟರಿನ ಒಳಗೆಲ್ಲ ಸ್ಪಿರಿಟ್ಟಿನಲ್ಲಿ ಒರೆಸಿದೆ, ನೀರಿನ ತಟ್ಟೆ ಬದಲಿಸಿದೆ. ಹತ್ತು ದಿನಕ್ಕೆ ಕಂಟ್ರೋಲ್ ನೇರಳೆಯಾಯಿತು. ಟೇಪು ಹಚ್ಚಿದ್ದಕ್ಕೆ ಕಾಕಾ ಬೆನ್ನು ತಟ್ಟಿಸಿಕೊಂಡರು. ನಾನು ಬದುಕಿಕೊಂಡೆ ಎಂದುಕೊಂಡೆ.

ಆದರೆ ಹಳೆಯ ಮೂರು ಸುತ್ತಿನ ಲೆಕ್ಕ ನೋಟ್‌ಬುಕ್ಕಿನಲ್ಲಿ ಹಾಗೇ ಕೂತಿತ್ತು. ಗೈಡ್ ಸರ್ ನಮ್ಮನ್ನೆಲ್ಲ ಕರೆದು ಕೂರಿಸಿದರು.

"ನೋಡ್ರಿ. ಕಾರಣ ಗೊತ್ತಿಲ್ಲದ ಯಾವ ಅಂಕಿನೂ ಒಗಿಯಾಕ ಬರಂಗಿಲ್ಲ. ಮನಸ್ಸಿಗೆ ಬರಲಿಲ್ಲಂತ ಒಗದ್ರ ಅದು ವಿಜ್ಞಾನ ಅಲ್ಲ. ಎಲ್ಲಾ ಸುತ್ತು ಕೂಡಿಸಿ ಸರಾಸರಿ ತಗೀರಿ, ಬಂದದ್ದು ಬಂದಂಗ ಬರೀರಿ."

ಮೇಡಂ ಲೆಕ್ಕ ಹಾಕಿ ತೋರಿಸಿದರು. ಸರಾಸರಿಯಲ್ಲಿ ಹೊಗೆ ಕುಡಿದ ಕೋಶಕ್ಕೂ ಕುಡಿಯದ ಕೋಶಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಉಳಿಯುತ್ತಿರಲಿಲ್ಲ.

"ಸರ್, ಹಿಂಗ ಬರದ್ರ ವೇಪಿಂದ ನರಕೋಶಕ್ಕ ಅಷ್ಟೇನ ಆಗಂಗಿಲ್ಲ ಅಂತ ನನ್ನ ಹೆಸರಿನ್ಯಾಗ ಬರದಂಗ ಆಗ್ತೈತ್ರಿ. ನಾ ಕಣ್ಣಾರೆ ನೋಡೀನಿ, ಸಾಯಾಕತ್ತಾವು."

"ಕಣ್ಣಿಗೆ ಕಂಡದ್ದಲ್ಲ. ನೋಟ್‌ಬುಕ್ಕಿನ್ಯಾಗ ಐತೇನು?"

ಗೈಡ್ ಸರ್ ಹೇಳಿದ್ದು ಸರಿಯೇ ಇತ್ತು, ಅದೇ ಕಷ್ಟ. ಒಗೆಯಲು ಕಾರಣ ಬೇಕು, ಕಾರಣ ಇದ್ದದ್ದು ನನ್ನ ಹತ್ತಿರ.

ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ತಿನ್ನುತ್ತಾ ಮುಂದಾಗುವುದನ್ನು ತಲೆಯೊಳಗೇ ಆಡಿ ನೋಡಿದೆ. ಗೈಡ್ ಸರ್ ದನಿಯಲ್ಲಿ ನನ್ನನ್ನು ನಾನೇ ಕೆಲಸದಿಂದ ತೆಗೆದೆ; ಕೆಮ್ಮು ಸಮೇತ ಚೆನ್ನಾಗಿ ಬಂತು. ಕಾಕಾ ದನಿಯಲ್ಲಿ ಅಳವಂಡಿಗೆಲ್ಲ ಸುದ್ದಿ ಮುಟ್ಟಿಸಿದೆ. ಗುತ್ತಿಗೆಯವನನ್ನು ತೆಗೆಯಲು ಒಂದು ಸಹಿ ಸಾಕು. ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಗಿಣಿಗೇರಾದ ಧೂಳು ಎಲ್ಲವನ್ನೂ ಹೊತ್ತುಕೊಳ್ಳಲು ತಯಾರಿತ್ತು. ಆದರೆ ಮೇಡಂ ಆ ಸರಾಸರಿಯ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ವಾರ್ಡಿಗೆ ನಡೆದ ರೀತಿ ನನ್ನ ಕಣ್ಣಿಂದ ಹೋಗಲಿಲ್ಲ. ಬಸ್ಸು ಹೋಗಿಯೇ ಬಿಟ್ಟಿದೆ ಎಂಬ ನಡಿಗೆ ಅದು. ಅದನ್ನು ನಕಲು ಮಾಡಲು ನನಗೆ ಮನಸ್ಸಾಗಲಿಲ್ಲ.

ಮಂಡಕ್ಕಿ ಬಿಟ್ಟು ಎದ್ದೆ. ಮೇಡಂ ವಾರ್ಡಿನಿಂದ ಬರುವವರೆಗೆ ಕಾದು ಗೈಡ್ ಸರ್ ಕೋಣೆಗೆ ಇಬ್ಬರೂ ಇದ್ದಾಗಲೇ ಹೋದೆ. ಅಲ್ಲಿ ನನ್ನ ಸ್ವಂತ ದನಿಯಲ್ಲಿ ಮಾತಾಡಬೇಕಿತ್ತು. ರೂಢಿ ಇಲ್ಲದ್ದರಿಂದ ಎರಡು ಸಲ ತಪ್ಪಿತು.

"ಕಾರಣ ಗೊತ್ತೈತ್ರಿ ಸರ್. ನಾನ ಕಾರಣ."

ಪೂರ್ತಿ ಹೇಳಿದೆ. ಮೇಡಂ ಬೈಯುತ್ತಾರೆಂದು ಕಾದೆ. ಅವರು ಪೆನ್ನು ತೆಗೆದರು.

"ದಿನಕ್ಕ ಎಷ್ಟು ಸಲ ಎಳಿತಿದ್ದಿ?"

"ಮೊದಲನೇ ಸುತ್ತಿನ್ಯಾಗ ನಾಕರಿ. ಎರಡನೇದ್ರಾಗ ಎಂಟು."

"ಮಾತಾಡದ ವಾರ?"

"ಹದಿನೈದರಿ."

"ಅದಕ್ಕ ಅದು ಅಷ್ಟು ಕೆಟ್ಟಿತ್ತು." ಅವರು ಬರೆದುಕೊಳ್ಳುತ್ತಲೇ ಇದ್ದರು. "ಕೈಗವಸು ಬದಲಿ ಮಾಡ್ತಿದ್ದೇನು?"

"ಯಾವಾಗರೆ ಒಮ್ಮೆ. ವೇಪು ಸೋರ್ತಿತ್ತು, ಕೈಗೆ ಹತ್ತಿರಬೇಕ್ರಿ."

ಗೈಡ್ ಸರ್ ಗಂಟಲು ಸರಿಮಾಡಿಕೊಂಡರು. ನಾನು "ನೋಡ್ರಿ"ಗಾಗಿ ಕಾದೆ. ಅವರು ಅದನ್ನು ಹೇಳಲಿಲ್ಲ. "ಇದನ್ನ ಬರದು ಸಹಿ ಹಾಕು," ಅಂದರು. "ಆದ್ರ ನೀ ಹೇಳಿದ್ದಿ ಅಂತ ನಾ ನಂಬಂಗಿಲ್ಲ. ಪ್ರಯೋಗ ಮಾಡಿ ತೋರಸ್ರಿ. ಇವನ ಬಾಯಿ ಬ್ಯಾಡ, ಸಿರಿಂಜು ಸಾಕು."

ಥೀಸಿಸ್ಸಿಗೆ ಏಳು ವಾರ ಉಳಿದಿತ್ತು. ಮೊದಲ ವಾರ ನನ್ನ ತಪ್ಪನ್ನು ಶಾಸ್ತ್ರೋಕ್ತವಾಗಿ ಮತ್ತೆ ಮಾಡಿದೆವು. ಹೊರಕೋಣೆಯಲ್ಲಿ ಸಿರಿಂಜಿನಿಂದ ಹದಿನೈದು ಎಳೆತದ ಹೊಗೆ ಬಿಟ್ಟು, ನಡುವಿನ ಬಾಗಿಲು ತೆರೆದಿಟ್ಟು, ವೇಪಿನ ರಸ ಸೋರಿ ಹತ್ತಿದ ಕೈಗವಸಿನಿಂದಲೇ ಇನ್‌ಕ್ಯುಬೇಟರ್ ಬಾಗಿಲು ತೆಗೆದು ಮುಚ್ಚಿದೆವು. ಕಂಟ್ರೋಲ್ ಬೆಳ್ಳಗಾಯಿತು. ಆಮೇಲೆ ಎಲ್ಲ ತೊಳೆದು, ಹೊಗೆ ಎಳೆಯುವ ಕೆಲಸವನ್ನು ಕೆಳಗಿನ ಅಂತಸ್ತಿಗೆ ಒಯ್ದು, ನಡುವಿನ ಬಾಗಿಲು ಮುಚ್ಚಿ, ಹೊಸದಾಗಿ ಮೂರು ಸುತ್ತು. ಒಳಕೋಣೆಗೆ ಎಸಿ ಗಾಳಿ ಬರದೆ ನಾವು ಬೇಯುತ್ತಿದ್ದೆವು. ಭಾನುವಾರಗಳೂ ಹೋದವು. ಕಾಕಾ ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದರು. ನಾನು ಹೇಳಿದ್ದಕ್ಕೆ ಅವರಿಗೆ ಸಿಟ್ಟಿರಲಿಲ್ಲ, ಹುಲಿಗೆಮ್ಮನ ಹೆಸರು ಕೈಬಿಟ್ಟಿದ್ದಕ್ಕೆ ಇತ್ತು.

"ಆಕಿನ ನಿನ್ನ ಎರಡು ದಿನ ಕರಸ್ಕೊಂಡ್ಲು. ಇಲ್ಲಂದ್ರ ಗೊತ್ತಾಗ್ತಿತ್ತೇನು?" ಎಂದರು. ಇದಕ್ಕೆ ಉತ್ತರ ನಮ್ಮ ಯಾವ ಪ್ಲೇಟಿನಲ್ಲೂ ಸಿಗಲಿಲ್ಲ.

ಕೊನೆಯ ಸುತ್ತಿನಲ್ಲಿ ಹೊಳೆಯುವ ಬಣ್ಣ ಹಾಕಿ ಕೋಶದ ಒಳಗನ್ನೂ ನೋಡಿದೆವು. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳು ಆರೋಗ್ಯವಂತ ಕೋಶದಲ್ಲಿ ಸಣ್ಣ ಸಣ್ಣ ತುಂಡುದಾರದಂತೆ ಹರಡಿರುತ್ತವೆ. ಹೊಗೆ ಕುಡಿದ ಕೋಶದಲ್ಲಿ ಅವು ಒಂದಕ್ಕೊಂದು ಅಂಟಿಕೊಂಡು ಉದ್ದನೆಯ ಸಿಕ್ಕಾಗಿದ್ದವು. ಕಷ್ಟಕ್ಕೆ ಸಿಕ್ಕ ಕೋಶ ಮೊದಲು ಹೀಗೆ ಕೂಡಿಕೊಂಡು ತಡೆದುಕೊಳ್ಳಲು ನೋಡುತ್ತದಂತೆ, ತಡೆಯಲಾಗದಿದ್ದರೆ ಸಾಯುತ್ತದೆ. ಮೇಡಂ ಇದನ್ನು ಹೇಳಿ, ಪ್ಲೇಟಿನ ಕೋಶ ಇಡೀ ಮಿದುಳಲ್ಲ, ತಲೆಯೊಳಗೂ ಹೀಗೇ ಆಗುತ್ತದೆ ಎಂದು ಇಷ್ಟರಿಂದ ಹೇಳಲು ಬರುವುದಿಲ್ಲ ಎಂದೂ ಸೇರಿಸಿದರು. ನಾನು ಕಣ್ಣನ್ನು ಲೆನ್ಸಿನಿಂದ ತೆಗೆಯಲಿಲ್ಲ. ಮಾವಿನಹಣ್ಣಿನ ವಾಸನೆಯ ಹಿಂದೆ ಇಷ್ಟು ಗಲಾಟೆ ಇರುತ್ತದೆಂದು ವರ್ಷವಿಡೀ ಎಳೆದವನಿಗೆ ಗೊತ್ತಿರಲಿಲ್ಲ.

ವೇಪು ಬಿಟ್ಟೆ. ಬಿಟ್ಟ ಮೊದಲ ಹದಿನೈದು ದಿನ ನಿದ್ದೆ ಇಲ್ಲ, ಪೈಪೆಟ್ ಹಿಡಿದ ಕೈಗೆ ತಾಳ್ಮೆ ಇಲ್ಲ, ಮಿಮಿಕ್ರಿಯಲ್ಲಿ ಕಾಕಾ ಹೋಗಿ ಗೈಡ್ ಸರ್ ಬರುತ್ತಿದ್ದರು. ಗಂಗಾವತಿಯಲ್ಲಿ ಒಮ್ಮೆ ಜಾರಿದೆ ಕೂಡ, ಅದನ್ನೂ ಮೇಡಂಗೆ ಹೇಳಿದೆ. ಅವರು ಬರೆದುಕೊಳ್ಳಲು ಪೆನ್ನು ಹುಡುಕಿದರು. ಈಗ ಏಳು ತಿಂಗಳಾಯಿತು. ಬೆಳಿಗ್ಗೆ ಬಸ್ಸಿನಲ್ಲಿ ನಿದ್ದೆ ಬರುತ್ತದೆ, ಲ್ಯಾಬಿನಲ್ಲಿ ಹಸಿವಾಗುತ್ತದೆ, ಗುತ್ತಿಗೆ ಮುಂದುವರಿದಿದೆ.

ಹೊಸ ಮೂರು ಸುತ್ತಿನಲ್ಲಿ ಕಂಟ್ರೋಲ್ ಬದನೆಕಾಯಿ, ಪಕ್ಕದ ಸಾಲು ನೀರಿನಂತೆ ತೆಳುವು. ಕಣ್ಣಿಗೆ ಕಂಡದ್ದು ನೋಟ್‌ಬುಕ್ಕಿಗೂ ಬಂತು. ಥೀಸಿಸ್ ದಿನಕ್ಕೆ ಮೊದಲೇ ಹೋಯಿತು, ಒಪ್ಪಿಗೆಯಾಯಿತು, ಮೇಡಂ ಪರೀಕ್ಷೆ ಬರೆದು ಪಾಸಾದರು. ಪೇಡೆ ಹಂಚಲು ಬಂದ ದಿನ ದಪ್ಪ ರಟ್ಟಿನ ಒಂದು ಪ್ರತಿಯನ್ನು ಲ್ಯಾಬಿಗೆಂದು ತಂದರು. ನಾನು ಕೈ ಒರೆಸಿಕೊಂಡು ನೇರ ಕೃತಜ್ಞತೆಯ ಪುಟ ತೆಗೆದೆ. ಗೈಡ್ ಸರ್ ಇದ್ದರು. ಮೇಡಂ ಅವರ ಅಪ್ಪ ಅವ್ವ ಇದ್ದರು. ರೊಟ್ಟಿ ತಂದ ಕಾಕಾ ಇದ್ದರು. ನಾನಿಲ್ಲ. ಮೇಲಿಂದ ಕೆಳಗೆ ಮತ್ತೊಮ್ಮೆ ಬೆರಳಾಡಿಸಿದೆ.

"ಮೇಡಮ್ಮಾರ, ಏಳು ವಾರ ಭಾನುವಾರ ಬಿಡದ ದುಡದೀನ್ರಿ. ಖರೇ ಹೇಳೀನ್ರಿ. ಚಟಾ ಬಿಟ್ಟೀನ್ರಿ. ಇಷ್ಟೆಲ್ಲಾ ಮಾಡಿದ್ರೂ ನನ್ನ ಸುದ್ದಿ ಒಂದು ಸಾಲೂ ಇಲ್ಲಲ್ರಿ ಇದ್ರಾಗ."

ಮೇಡಂ ಪೇಡೆಯ ಡಬ್ಬಿಯನ್ನು ಕಾಕಾ ಕೈಗೆ ಕೊಟ್ಟು, ತಣ್ಣಗೆ ಹೇಳಿದರು:

"ಅಲ್ಲಿ ಯಾಕ ಹುಡಕ್ತಿ? ನಲವತ್ತೊಂದನೇ ಪುಟ ತಗಿ. 'ದೋಷದ ಮೂಲಗಳು' ಅಂತ ಪಟ್ಟಿ ಐತಿ. ಒಂದನೇ ನಂಬರ್ ನಿನ್ನದ."